ಏಳುಗಂಟಮ್ಮನ ಒಂದು ಸರಿಯುತ್ತರ

ಇಪ್ಪತ್ತೆರಡು ವರ್ಷ ನಾನು ಬರೆದೆ, ಅವಳು ಓದಿದಳು. ಜನ ನಂಬಿದ್ದು ಅವಳನ್ನು. ಸುದ್ದಿಮನೆಯ ಮೂಲೆಯ ಮೇಜಿನಲ್ಲಿ ಕೂತು ವಾಕ್ಯ ಹೊಸೆಯುವ ನನ್ನ ಮುಖ ನಮ್ಮ ಬೀದಿಯ ಅಂಗಡಿಯವನಿಗೂ ಗೊತ್ತಿಲ್ಲ. ಮೊದಮೊದಲು ಇದಕ್ಕೆ ಹೊಟ್ಟೆ ಉರಿಯುತ್ತಿತ್ತು, ಆಮೇಲೆ ಅಭ್ಯಾಸವಾಯಿತು. ಆ ಗುರುವಾರದ ನಂತರವಂತೂ ಯಾರಿಗೂ ಗೊತ್ತಿಲ್ಲದಿರುವುದೇ ನನ್ನ ಪುಣ್ಯ ಅನ್ನಿಸಿದೆ.

ಅವಳು ನಮ್ಮ ಚಾನೆಲಿನಲ್ಲಿ ಸಂಜೆ ಏಳರ ವಾರ್ತೆ ಓದುವವಳು. ಬೀದಿಯ ಮಕ್ಕಳು ಇಟ್ಟ ಹೆಸರು ಏಳುಗಂಟಮ್ಮ. ಗಂಡ ಲಿಫ್ಟ್ ರಿಪೇರಿ ಮಾಡುವವನು. ಮಾವ ನಿವೃತ್ತ ಪೋಸ್ಟ್ ಮಾಸ್ಟರ್, ಭೂಪಟದ ಮೇಲಿರುವ ಊರನ್ನೆಲ್ಲ ತಾನೇ ಖುದ್ದಾಗಿ ವಿಂಗಡಿಸಿ ಗೂಡಿಗೆ ಹಾಕಿದಂತೆ ಮಾತಾಡುವ ಮುದುಕ. ಅವಳ ದನಿ ಎತ್ತರದ್ದಲ್ಲ, ಸಿಹಿಯೂ ಅಲ್ಲ. ಆದರೆ ಅದರಲ್ಲಿ ಅನುಮಾನಕ್ಕೆ ಜಾಗವೇ ಇರಲಿಲ್ಲ. ನಾಳೆ ಮಳೆ ಎಂದು ಅವಳು ಹೇಳಿದರೆ ಜನ ಮೋಡ ನೋಡದೆ ಬಟ್ಟೆ ಒಳಗೆ ತರುತ್ತಿದ್ದರು.

ಇಷ್ಟಾಗಿಯೂ ಅವಳಿಗೆ ಏನೂ ಗೊತ್ತಿರಲಿಲ್ಲ. ಇದನ್ನು ಕೀಳಾಗಿ ಹೇಳುತ್ತಿಲ್ಲ. ವಾರ್ತೆ ಓದುವವರ ಕಸುಬೇ ಹಾಗೆ. ಕ್ಯಾಮೆರಾದ ಗಾಜಿನ ಮೇಲೆ ಅಕ್ಷರ ಸರಿಯುತ್ತ ಹೋಗುತ್ತದೆ, ಕಣ್ಣಿನಿಂದ ಬಾಯಿಗೆ ನೇರ ರಸ್ತೆ, ನಡುವೆ ತಲೆಯಲ್ಲಿ ಬಸ್ಸು ನಿಲ್ಲುವುದೇ ಇಲ್ಲ. ಇಪ್ಪತ್ತೆರಡು ವರ್ಷದಲ್ಲಿ ಎಷ್ಟೋ ಯುದ್ಧ, ಎಷ್ಟೋ ಚುನಾವಣೆ ಅವಳ ಬಾಯಿಂದ ದಾಟಿ ಹೋದವು. ಏಳೂವರೆಗೆ ಮೇಕಪ್ ಒರೆಸುತ್ತ, "ಅಣ್ಣಾ, ಇವತ್ತು ಏನೇನಾಯ್ತು?" ಎಂದು ನನ್ನನ್ನೇ ಕೇಳುತ್ತಿದ್ದಳು. ಅದು ನಮ್ಮಿಬ್ಬರ ಹಳೆಯ ತಮಾಷೆ, ಅದರೊಳಗೆ ಅವಳ ಹಳೆಯ ಭಯವೂ ಇತ್ತು. ಒಂದು ದಿನ ಯಾರಾದರೂ ಎದುರಿಗೆ ನಿಲ್ಲಿಸಿ ಕೇಳಿದರೆ?

ಆ ದಿನ ಬಂದೇ ಬಂತು. ಚಾನೆಲಿನ ವಾರ್ಷಿಕೋತ್ಸವಕ್ಕೆ ಕ್ವಿಜ್ ಕಾರ್ಯಕ್ರಮದ ವಿಶೇಷ ಸಂಚಿಕೆ, ಅದರಲ್ಲಿ ಸ್ಪರ್ಧಿಗಳೆಲ್ಲ ವಾರ್ತೆಯವರು, ಅದೂ ನೇರ ಪ್ರಸಾರ. ನಮ್ಮ ಮುಖ್ಯಸ್ಥರು ಅವಳನ್ನು ಕರೆದು ನಗುನಗುತ್ತಲೇ ಹೇಳಿದರು.

"ಗೆಲ್ಲಲೇಬೇಕು ಅಂತಿಲ್ಲ. ಆದ್ರೆ ಮರ್ಯಾದೆ ಕಳೀಬೇಡಿ. ಏಳು ಗಂಟೆಯವರಿಗೇ ಏನೂ ಗೊತ್ತಿಲ್ಲ ಅಂದ್ರೆ ಆಮೇಲೆ ಏಳು ಗಂಟೆಗೆ ಯಾರನ್ನ ಕೂರಿಸ್ಬೇಕು ಅಂತ ನಾನು ಯೋಚಿಸ್ಬೇಕಾಗುತ್ತೆ."

ಅವಳು ನನ್ನ ಮೇಜಿಗೆ ಬಂದು ಕುರ್ಚಿಯ ಅಂಚಿನಲ್ಲಿ ಕೂತಳು. "ಅಣ್ಣಾ, ನನಗೆ ಮನುಷ್ಯನ ಮೈಯಲ್ಲಿ ಎಷ್ಟು ಮೂಳೆ ಅಂತಾನೂ ಗೊತ್ತಿಲ್ಲ."

"ಇನ್ನೂರಾರು," ಎಂದೆ.

"ಇದನ್ನ ನಾನು ಯಾವತ್ತಾದ್ರೂ ಓದಿದೀನಾ?"

"ಇಲ್ಲ."

"ಹಾಗಾದ್ರೆ ನೆನಪಿರಲ್ಲ," ಎಂದಳು. ಆ ಮಾತಿನಲ್ಲಿ ಎಷ್ಟು ಸತ್ಯವಿತ್ತು ಎಂದು ನನಗೆ ಆಗ ತಿಳಿಯಲಿಲ್ಲ.

ಮನೆಯಲ್ಲಿ ಮಾವ ಪಾಠ ಶುರುಮಾಡಿದರು. ಅವಳು ಪಾತ್ರೆ ತೊಳೆಯುತ್ತಿದ್ದರೆ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂತು ರಾಜಧಾನಿಗಳನ್ನು ಕೇಳುವರು. ಮೂರು ದಿನ ಅವಳ ಬಾಯಿಂದ ಒಂದೂ ಸರಿಯುತ್ತರ ಬರಲಿಲ್ಲ. ನಾಲ್ಕನೆಯ ದಿನ ಮುದುಕರು ಒಂದು ಉಪಾಯ ಕಂಡುಹಿಡಿದರು. ಯಾವುದೋ ದ್ವೀಪದೇಶದ ರಾಜಧಾನಿ ಕೇಳಿದಾಗ ಅವಳು ತಡಕಾಡಿ, ಕಣ್ಣು ಮುಚ್ಚಿ, ವಾರ್ತೆಯ ದನಿಯಲ್ಲಿ, "ಭೂಕಂಪದಿಂದ ತತ್ತರಿಸಿರುವ ದ್ವೀಪ ರಾಷ್ಟ್ರದ ರಾಜಧಾನಿ" ಎಂದು ಶುರುಮಾಡಿದಳು. ಉತ್ತರ ತಾನಾಗಿ ನಾಲಿಗೆಗೆ ಬಂದುಬಿಟ್ಟಿತು! ಅವಳ ತಲೆಯೊಳಗೆ ಎಲ್ಲವೂ ಇತ್ತು, ಆದರೆ ವಾಕ್ಯದೊಳಗೆ ಮಾತ್ರ. ಹೆಸರು ಬೇಕಾದರೆ ವಾಕ್ಯವನ್ನು ತುದಿಯಿಂದ ಎಳೆದುಕೊಂಡು ಬರಬೇಕು. ನಡುವಿನಿಂದ ಕಿತ್ತುಕೊಡು ಎಂದರೆ ಆಗದು.

"ಹಾಗೇ ಹೇಳಮ್ಮ," ಎಂದರು ಮಾವ. "ಮೊದಲಿಂದ ಹೇಳ್ಕೊಂಡು ಬಾ. ನಿನಗೆ ಗೊತ್ತಿಲ್ಲದ್ದು ಯಾವುದೂ ಇಲ್ಲ."

ಅವಳಿಗೆ ಸ್ವಲ್ಪ ಜೀವ ಬಂತು. ನನಗೂ ಇದು ಭಲೇ ಅನ್ನಿಸಿತು. ಮಾವನೂ ನಾನೂ, ಇಬ್ಬರೂ ದಡ್ಡರು.

ಇಲ್ಲಿ ನಮ್ಮ ಕಸುಬಿನ ಒಂದು ಗುಟ್ಟು ಹೇಳಬೇಕು. ಎಂಬತ್ತು ದಾಟಿದ ದೊಡ್ಡವರೆಲ್ಲರ ಮರಣವಾರ್ತೆಯನ್ನು ನಾವು ಮೊದಲೇ ಸಿದ್ಧಮಾಡಿ ಇಟ್ಟಿರುತ್ತೇವೆ. ಮನುಷ್ಯ ಮನೆಯಲ್ಲಿ ಕಾಫಿ ಕುಡಿಯುತ್ತಿರುತ್ತಾನೆ, ಇಲ್ಲಿ ಅವನ ಕಥೆ ಮುಗಿದು, ಚಿತ್ರ ಜೋಡಿಸಿ, ದನಿ ಸೇರಿಸಿ ಇಟ್ಟಾಗಿರುತ್ತದೆ. ನಮ್ಮಲ್ಲಿ ಅದಕ್ಕೆ ಕಾಯುವ ಕಪಾಟು ಎನ್ನುತ್ತಿದ್ದೆವು. ಪ್ರತಿಯೊಂದೂ ಒಂದೇ ರೀತಿ ಶುರುವಾಗುತ್ತಿತ್ತು: ಇಂತಿಂಥವರು ಇಂದು ನಿಧನರಾದರು. ಗಡಿಬಿಡಿಯಲ್ಲಿ ಯಾರೂ ಆ ಪದ ಮರೆಯದಿರಲಿ ಎಂದು 'ಇಂದು' ಎನ್ನುವುದನ್ನು ಮೊದಲೇ ಬರೆದಿಡುವ ನಿಯಮ ತಂದವನು ನಾನೇ. ಅದೇ ಸ್ಟುಡಿಯೋ, ಅದೇ ಕುರ್ಚಿ, ಅದೇ ದೀಪದ ಕೆಳಗೆ ಅವಳು ಅವನ್ನೂ ಓದಿ ರೆಕಾರ್ಡ್ ಮಾಡುತ್ತಿದ್ದಳು.

ಗುರುವಾರ ಐದು ಗಂಟೆಗೆ ಮೂರನೆಯ ಮಹಡಿಯಲ್ಲಿ ಕ್ವಿಜ್ ಶುರುವಾಯಿತು. ನಾನು ಕೆಳಗೆ ಸುದ್ದಿಮನೆಯಲ್ಲಿ ಟೀವಿಯ ಮುಂದೆ ನಿಂತಿದ್ದೆ. ಅವಳ ಒಂದು ಪಕ್ಕದಲ್ಲಿ ರೇಡಿಯೋದ ಕ್ರೀಡಾ ವರದಿಗಾರ, ಇನ್ನೊಂದು ಪಕ್ಕದಲ್ಲಿ ಬೇರೆ ಚಾನೆಲಿನ ಹವಾಮಾನದ ಹುಡುಗಿ. ಅವಳು ಎರಡೂ ಕೈಯಿಂದ ಮೇಜಿನ ಅಂಚನ್ನು ಹಿಡಿದಿದ್ದಳು. ಮೊದಲ ಎರಡು ಪ್ರಶ್ನೆಗೆ ಬಾಯಿಯೇ ಬಿಡಲಿಲ್ಲ. ಮೂರನೆಯದಕ್ಕೆ ಕಣ್ಣು ಮುಚ್ಚಿ ಒಂದು ಚಂಡಮಾರುತದ ವಾರ್ತೆಯನ್ನು ತುದಿಯಿಂದ ಎಳೆದು ಸಮುದ್ರದ ಹೆಸರು ಹೊರಡಿಸಿದಳು. ಚಪ್ಪಾಳೆ ಬಿತ್ತು. ಆಮೇಲೆ ಇನ್ನೊಂದು, ಮತ್ತೊಂದು. ಐದೂವರೆಯ ಹೊತ್ತಿಗೆ ಎಲ್ಲರಿಗಿಂತ ಮುಂದಿದ್ದಳು. ಸುದ್ದಿಮನೆಯ ಎಳೆಯರು ಮೇಜು ಬಡಿಯತೊಡಗಿದರು.

ಆಗ ನಿರೂಪಕ ಕೇಳಿದ: "ನಮ್ಮ ನದಿಯ ದೊಡ್ಡ ತೂಗುಸೇತುವೆಯನ್ನ ಕಟ್ಟಿದ ಎಂಜಿನಿಯರ್ ಯಾರು?"

ಅವಳು ಕಣ್ಣು ಮುಚ್ಚಲೂ ಇಲ್ಲ. ಕ್ಯಾಮೆರಾವನ್ನು ನೇರ ನೋಡಿ, ಏಳು ಗಂಟೆಯ ದನಿಯಲ್ಲಿ, ಅವರ ಹೆಸರು ಹೇಳಿ ಮುಂದುವರಿದಳು: "ದೇಶದ ಅತಿ ಉದ್ದದ ತೂಗುಸೇತುವೆಯ ನಿರ್ಮಾತೃ, ಹಿರಿಯ ಎಂಜಿನಿಯರ್, ಇಂದು ನಿಧನರಾದರು. ಅವರು ಪತ್ನಿ ಹಾಗೂ ಇಬ್ಬರು ಪುತ್ರಿಯರನ್ನು ಅಗಲಿದ್ದಾರೆ."

ಸರಿಯುತ್ತರದ ಗಂಟೆ ಮೊಳಗಿತು. ನಿರೂಪಕನ ನಗು ಅರ್ಧಕ್ಕೆ ನಿಂತಿತು. "ಓ... ಇದು ನಮಗೆ ಈಗಷ್ಟೇ ಗೊತ್ತಾಗ್ತಿದೆ," ಎಂದ. ಪಾಪ, ಅವನೂ ನಂಬಿದ. ಏಳುಗಂಟಮ್ಮ ಹೇಳಿದ ಮೇಲೆ ನಂಬದವರು ಯಾರು? ಎಲ್ಲರೂ ಎದ್ದುನಿಂತು ಮೌನ ಆಚರಿಸಿದರು. ಆ ಮೌನದ ನಡುವೆ ಅವಳ ಮುಖದ ಬಣ್ಣ ಇಳಿಯುವುದು ನನಗೆ ಕಾಣಿಸಿತು.

ಅದು ನಾನು ಬರೆದ ವಾಕ್ಯ. ಮೂರು ವರ್ಷದ ಹಿಂದೆ ಎಂಜಿನಿಯರು ನ್ಯುಮೋನಿಯಾ ಆಗಿ ಆಸ್ಪತ್ರೆ ಸೇರಿದಾಗ ಒಂದು ವಾರ ಕೂತು ತಿದ್ದಿ ತೀಡಿ ಕಪಾಟಿಗೆ ಹಾಕಿದ್ದು. ಆಮೇಲೆ ಅವರು ಗುಣವಾದರು. ಆಗಿದ್ದರು ಅಲ್ಲವೇ? ನಾವು ಅದನ್ನು ಪ್ರಸಾರ ಮಾಡಿದ್ದೆವೇ, ಇಲ್ಲವೇ? ಕಪಾಟಿನ ಪಟ್ಟಿ ತೆಗೆಯಲು ಓಡುವಷ್ಟರಲ್ಲಿ ಒಬ್ಬ ಹುಡುಗಿ ಕೂಗಿದಳು: "ಸರ್, ಅವರೂ ಹಾಕಿದ್ದಾರೆ!" ಪಕ್ಕದ ಟೀವಿಯಲ್ಲಿ ಇನ್ನೊಂದು ಚಾನೆಲಿನ ಕೆಳಗಿನ ಪಟ್ಟಿಯಲ್ಲಿ ಎಂಜಿನಿಯರು ನಿಧನ ಎಂದು ಬರುತ್ತಿತ್ತು. ಎರಡು ನಿಮಿಷಕ್ಕೆ ಮೂರನೆಯ ಚಾನೆಲಿನಲ್ಲೂ ಬಂತು. "ಹಾಗಾದ್ರೆ ನಿಜಾನೇ," ಎಂದು ನಮ್ಮ ಹುಡುಗರು ನಿಟ್ಟುಸಿರುಬಿಟ್ಟರು. ಅವರೆಲ್ಲ ನಮ್ಮನ್ನು ನೋಡಿ ಹಾಕಿದ್ದಾರೆ, ನಾವು ಅವರನ್ನು ನೋಡಿ ನಂಬುತ್ತಿದ್ದೇವೆ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಅರ್ಧ ನಂಬಿದೆ. ಮೂವತ್ತು ವರ್ಷದ ಅನುಭವ ಅಂದರೆ ಇಷ್ಟೇ.

ಆಗ ನನ್ನ ಮೇಜಿನ ಫೋನು ರಿಂಗಾಯಿತು. ವಯಸ್ಸಾದ ಹೆಂಗಸಿನ ದನಿ, ಬಹಳ ಮೆಲ್ಲಗೆ.

"ನಾನು ಎಂಜಿನಿಯರ್ ಮನೆಯವಳು. ಎಲ್ಲಿ ಬಿದ್ರು ಅವರು? ಯಾವ ಆಸ್ಪತ್ರೆ?"

ನಾನು ಫೋನನ್ನು ಕಿವಿಗೆ ಒತ್ತಿ ಹಿಡಿದೆ. "ಅಮ್ಮಾ, ಅವರು ಮನೇಲಿಲ್ವಾ?"

"ನಾಲ್ಕೂ ಮುಕ್ಕಾಲಿಗೆ ವಾಕಿಂಗ್ ಹೋದ್ರು. ಇನ್ನೂ ಬಂದಿಲ್ಲ. ಫೋನು ಇಲ್ಲೇ ಬಿಟ್ಟು ಹೋಗ್ತಾರೆ. ಏಳುಗಂಟಮ್ಮ ಹೇಳಿದ್ಲು ಅಂದ್ರೆ ನಿಮಗೆ ಗೊತ್ತಿರ್ಬೇಕಲ್ಲ. ಹೇಳಿ, ಎಲ್ಲಿಗೆ ಬರ್ಲಿ?"

ತಪ್ಪಾಗಿದೆ ಅಮ್ಮಾ ಎನ್ನಲು ಬಾಯಿ ತೆರೆದೆ. ಆದರೆ ಆ ಕ್ಷಣದಲ್ಲಿ ಆ ಮನುಷ್ಯ ಎಲ್ಲಿದ್ದಾರೆ ಎನ್ನುವುದು ಭೂಮಿಯ ಮೇಲೆ ಯಾರಿಗೂ ಗೊತ್ತಿರಲಿಲ್ಲ. ತಪ್ಪು ಎಂದು ಹೇಳಿ, ಅದು ನಿಜವಾಗಿದ್ದರೆ? "ವಿಚಾರಿಸಿ ಹತ್ತು ನಿಮಿಷದಲ್ಲಿ ಹೇಳ್ತೀವಿ, ಎಲ್ಲೂ ಹೋಗ್ಬೇಡಿ," ಎಂದಷ್ಟೇ ಹೇಳಿದೆ. "ಯಾವ ಕಡೆ ವಾಕಿಂಗ್ ಹೋಗ್ತಾರೆ?"

"ಇನ್ನೆಲ್ಲಿಗೆ? ಸೇತುವೆಗೆ," ಎಂದರು.

ಮೆಟ್ಟಿಲು ಹತ್ತಿ ಮೂರನೆಯ ಮಹಡಿಗೆ ಓಡಿದೆ. ಜಾಹೀರಾತಿನ ವಿರಾಮ. ಅವಳು ಪರದೆಯ ಹಿಂದೆ ಗೋಡೆಗೆ ಒರಗಿ ನಿಂತಿದ್ದಳು. ನನ್ನನ್ನು ನೋಡಿದ್ದೇ ತೋಳು ಹಿಡಿದಳು, ಉಗುರು ಚುಚ್ಚುವಷ್ಟು.

"ಅಣ್ಣಾ, ಅದನ್ನ ನಾನು ಓದಿದ್ನಾ? ಬರೀ ರೆಕಾರ್ಡ್ ಮಾಡಿದ್ನಾ?"

"ರೆಕಾರ್ಡ್ ಮಾಡಿದ್ದು."

"ನಿಜ ಹೇಳಣ್ಣಾ. ನನಗೆ ಎರಡೂ ಒಂದೇ ಥರ ನೆನಪಿರೋದು. ಸತ್ತಿಲ್ವಾ ಹಾಗಾದ್ರೆ?"

"ಗೊತ್ತಿಲ್ಲಮ್ಮ. ಮನೇಲಿಲ್ಲ, ಸೇತುವೆ ಕಡೆ ವಾಕಿಂಗ್ ಹೋಗಿದ್ದಾರಂತೆ. ಅವರ ಹೆಂಡ್ತಿ ಟೀವಿ ನೋಡಿ ಫೋನ್ ಮಾಡಿದ್ರು."

ಅವಳು ಸರಸರನೆ ಮೆಟ್ಟಿಲಿಳಿದಳು. ಇನ್ನು ಮೂರೇ ಪ್ರಶ್ನೆ ಬಾಕಿಯಿತ್ತು, ಗೆಲುವು ಕೈಯಲ್ಲಿತ್ತು. ಹಿಂದಿನಿಂದ ಯಾರೋ ಕೂಗುತ್ತಿದ್ದರು. ಮೈಕು ಅವಳ ಸೆರಗಿನಲ್ಲೇ ಇತ್ತು, ತಂತಿ ಮೆಟ್ಟಿಲ ಮೇಲೆ ಎಳೆದುಕೊಂಡು ಬರುತ್ತಿತ್ತು.

ಸೇತುವೆಗೆಂದು ಹಿಡಿದ ಟ್ಯಾಕ್ಸಿಯವನು ಕನ್ನಡಿಯಲ್ಲಿ ಅವಳನ್ನು ಗುರುತಿಸಿದ. "ಅಮ್ಮಾ, ಸೇತುವೆ ಎಂಜಿನಿಯರು ಹೋಗ್ಬಿಟ್ರಂತಲ್ಲ. ಈಗ ತಾನೇ ನೀವು ಹೇಳಿದ್ರಿ. ಒಳ್ಳೆ ಮನುಷ್ಯ ಪಾಪ." ಅವಳು ಕಿಟಕಿಯ ಕಡೆ ಮುಖ ತಿರುಗಿಸಿದಳು. ದಾರಿಯುದ್ದಕ್ಕೂ ಕಾಲುದಾರಿಯಲ್ಲಿ ನಡೆಯುವ ಪ್ರತಿಯೊಬ್ಬ ಮುದುಕನನ್ನೂ ನೋಡುತ್ತಿದ್ದಳು. ಆಂಬುಲೆನ್ಸೊಂದು ಎದುರಿನಿಂದ ಬಂದು ದಾಟಿಹೋಯಿತು. "ಅದರಲ್ಲಿ ಇದ್ದಾರಾ?" ಎಂದಳು ಮಗುವಿನ ಹಾಗೆ. ಅವರನ್ನು ಕೊಂದವರು ನಾವೇ ಎಂದು ನನಗೆ ಅನ್ನಿಸುತ್ತಿತ್ತು.

ಸೇತುವೆಯ ಬಾಯಲ್ಲಿ ಒಂದು ಬಸ್ಸು ನಿಂತಿತ್ತು. ಕಂಬಿಯ ಹತ್ತಿರ ಆರೇಳು ಜನ ತಲೆ ತಗ್ಗಿಸಿ ನಿಂತಿದ್ದರು. ಬಸ್ಸಿನ ಡ್ರೈವರು, ಕಂಡಕ್ಟರು, ಒಬ್ಬ ಟ್ರಾಫಿಕ್ ಪೊಲೀಸು, ಕಂಬಿಗೆ ಹೂ ಸಿಕ್ಕಿಸುತ್ತಿದ್ದ ಒಬ್ಬ ಹೆಂಗಸು. ಅವರ ನಡುವೆ, ಟೋಪಿ ತೆಗೆದು ಎದೆಗೆ ಒತ್ತಿಕೊಂಡು, ಕೋಲು ಊರಿಕೊಂಡು ಒಬ್ಬರು ತೆಳ್ಳನೆಯ ಮುದುಕರೂ ಗೌರವದಿಂದ ನಿಂತಿದ್ದರು. ಚಿತ್ರ ಆರಿಸಲು ಒಂದು ವಾರ ಆ ಮುಖವನ್ನೇ ನೋಡಿದವನು ನಾನು, ಗುರುತು ತಪ್ಪುವುದುಂಟೇ? ಅವಳ ತೋಳು ಹಿಡಿದು ಅವರತ್ತ ತೋರಿಸಿದೆ.

"ಯಾರೋ ಹೋದ್ರಂತೆ," ಎಂದರು ಅವರು ನಮಗೆ ಜಾಗ ಬಿಡುತ್ತ.

"ಯಾರೋ ಅಲ್ಲ ತಾತ," ಎಂದ ಪೊಲೀಸು. "ಈ ಸೇತುವೆ ಕಟ್ಟಿದೋರು."

ಮುದುಕರು ಅವನನ್ನೇ ನೋಡಿದರು. "ಯಾರು ಹೇಳಿದ್ದು?"

"ಏಳುಗಂಟಮ್ಮ ಹೇಳಿದ್ರು. ಟೀವೀಲಿ."

"ಅವಳೇ ಹೇಳಿದ್ಲಾ?" ಎಂದು ಮುದುಕರು ತಮ್ಮ ಕೈಯನ್ನು ಎತ್ತಿ, ಹಿಂದೆ ಮುಂದೆ ತಿರುಗಿಸಿ ನೋಡಿಕೊಂಡರು. ನಾನು ಸುಳ್ಳು ಹೇಳುತ್ತಿಲ್ಲ, ಆ ಒಂದು ಗಳಿಗೆ ಅವರಿಗೂ ಅನುಮಾನ ಬಂದಿತ್ತು! ನಗು ಬರಬೇಕಾದ ಜಾಗ ಅದು. ಆದರೆ ತಕ್ಷಣ ಅವರ ಮುಖ ಬಿಳಿಚಿಕೊಂಡಿತು. "ನಮ್ಮ ಮನೆಯವಳು ಟೀವಿ ಹಾಕ್ಕೊಂಡಿರ್ತಾಳೆ," ಎಂದು ಓಡಲು ನೋಡಿದರು. ಎಂಬತ್ತೆಂಟು ವರ್ಷದ ಕಾಲು ಎಲ್ಲಿ ಓಡುತ್ತದೆ? ಅವಳು ಮುಂದೆ ಹೋಗಿ ಅವರ ತೋಳು ಹಿಡಿದಳು.

"ಹೇಳಿದ್ದು ನಾನೇ ಸರ್. ತಪ್ಪಾಯ್ತು. ಬನ್ನಿ, ಗಾಡಿ ಇದೆ."

ಮನೆಗೆ ಫೋನು ಮಾಡಿದರೆ ಆ ಕಡೆ ಲೈನು ಎಂಗೇಜ್ ಬರುತ್ತಿತ್ತು. ಮತ್ತೆ ಮತ್ತೆ ಮಾಡಿದೆ. ಲೋಕವೆಲ್ಲ ಆಕೆಗೆ ಸಂತಾಪ ಹೇಳುತ್ತಿತ್ತು. ಟ್ಯಾಕ್ಸಿಯಲ್ಲಿ ಎಂಜಿನಿಯರು ಒಂದೇ ಮಾತು ಹೇಳುತ್ತಿದ್ದರು: "ಅವಳ ಹೃದಯ ಸರಿಯಿಲ್ಲ. ಹೋದ ವರ್ಷ ಆಪರೇಷನ್ ಆಗಿದೆ." ನಮ್ಮ ಪಕ್ಕದಲ್ಲಿ ಕೂತಿದ್ದ ಏಳುಗಂಟಮ್ಮ ಕೇಳಿಸಿಕೊಳ್ಳುತ್ತಿದ್ದಳು.

ಎರಡನೆಯ ಮಹಡಿಯ ಮನೆ. ಬಾಗಿಲ ಹೊರಗೆ ಆಗಲೇ ಚಪ್ಪಲಿಗಳು ಸೇರಿದ್ದವು. ಒಳಗಿದ್ದವರು ಎಂಜಿನಿಯರನ್ನು ಕಂಡು ಚೀರಿ ಗೋಡೆಗೆ ಸರಿದರು. ಆಕೆ ಮಾತ್ರ ಫೋನಿನ ಪಕ್ಕದ ಕುರ್ಚಿಯಿಂದ ಎದ್ದು ನಿಂತರು. ಕೈಯಲ್ಲಿ ಗಂಡನ ಇಸ್ತ್ರಿ ಮಾಡಿದ ಬಿಳಿ ಅಂಗಿ ಇತ್ತು. ಅದನ್ನು ಯಾಕೆ ತೆಗೆದಿಟ್ಟದ್ದು ಎಂದು ಯಾರೂ ಕೇಳಬೇಕಿರಲಿಲ್ಲ. ಅವರು ಗಂಡನನ್ನು ನೋಡಿದರು, ಆದರೆ ಹತ್ತಿರ ಹೋಗಲಿಲ್ಲ. ಕಣ್ಣಿಗಿಂತ ಕಿವಿಯನ್ನೇ ಹೆಚ್ಚು ನಂಬಿದ್ದರೋ ಏನೋ, ಏಳುಗಂಟಮ್ಮನ ಕಡೆ ತಿರುಗಿದರು.

"ನೀನು ಹೇಳಮ್ಮ. ಇದ್ದಾರಾ?"

ಎದುರಿಗೆ ಗಾಜಿಲ್ಲ, ಅಕ್ಷರವಿಲ್ಲ, ನಾನು ಬರೆದ ವಾಕ್ಯವಿಲ್ಲ. ಅವಳು ಎಂಜಿನಿಯರ ತೋಳನ್ನು ಮತ್ತೆ ಹಿಡಿದಳು.

"ಇದ್ದಾರೆ ಅಮ್ಮಾ. ನಾನೇ ಮುಟ್ಟಿ ನೋಡಿದೀನಿ."

ಆಗ ಆಕೆ ಗಂಡನ ಕೆನ್ನೆಯ ಮೇಲೆ ಅಂಗೈ ಇಟ್ಟರು. ಹಾಗೆಯೇ ಕುಸಿದು ನೆಲದ ಮೇಲೆ ಕೂತರು. ಹೃದಯಕ್ಕೆ ಏನೂ ಆಗಿರಲಿಲ್ಲ, ಕಾಲಿನಲ್ಲಿ ಶಕ್ತಿ ಹೋಗಿತ್ತು ಅಷ್ಟೇ. ಡಾಕ್ಟರು ಬಂದು ನೋಡಿ ಹಾಗೆಂದು ಹೇಳುವವರೆಗೆ ಮೂಲೆಯಲ್ಲಿ ನಿಂತ ನಾವಿಬ್ಬರೂ ಬದುಕಿದ್ದೆವು ಎಂದು ಹೇಳಲಾರೆ.

ಏಳು ಗಂಟೆಗೆ ತಿದ್ದುಪಡಿ ಓದಿದಳು. ನಾನು ಎರಡು ಸಾಲು ಬರೆದುಕೊಟ್ಟಿದ್ದೆ. ಕ್ಯಾಮೆರಾ ನೋಡದೆ ಕಾಗದವನ್ನೇ ನೋಡುತ್ತ ಓದಿದ್ದು ಊರಿಗೆಲ್ಲ ಕಾಣಿಸಿತು. ಮಾರನೆಯ ದಿನ ಮುಖ್ಯಸ್ಥರು ಅವಳನ್ನು ಇಳಿಸಿ ಒಬ್ಬ ಚಿಕ್ಕ ಹುಡುಗಿಯನ್ನು ಕೂರಿಸಿದರು. ಮನೆಯಲ್ಲಿ ಮಾವ ಸ್ಟೂಲಿನ ಮೇಲೆ ಕೂತು, "ಮೊದಲಿಂದ ಹೇಳು ಅಂದವನು ನಾನೇ," ಎಂದು ತಲೆ ಮೇಲೆ ಕೈಹೊತ್ತರು. ಅವಳು ಅವರನ್ನಾಗಲಿ ನನ್ನನ್ನಾಗಲಿ ಒಂದು ಮಾತು ಅನ್ನಲಿಲ್ಲ. ಅಂದಿದ್ದರೆ ಒಳ್ಳೆಯದಿತ್ತು.

ಮೂರು ವಾರದ ಮೇಲೆ ಎಂಜಿನಿಯರ ಹೆಂಡತಿ ಗಂಡನ ಕೋಲು ಊರಿಕೊಂಡು ನಮ್ಮ ಆಫೀಸಿಗೆ ಬಂದರು. ಮುಖ್ಯಸ್ಥರ ಎದುರಿಗೆ ಕೂರಲೂ ಇಲ್ಲ.

"ನಮ್ಮೆಜಮಾನ್ರು ಹೋದ್ರು ಅಂತ ಏಳುಗಂಟಮ್ಮ ಅಂದಾಗ ನಂಬಿದೆ. ಇದ್ದಾರೆ ಅಂದಾಗ್ಲೂ ನಂಬಿದೆ. ಇನ್ನು ಮುಂದೆ ಬೇರೆಯವಳು ಬಂದು ಏನಾದ್ರೂ ಹೇಳಿದ್ರೆ ನಾನ್ ನಂಬಲ್ಲ. ಅವಳನ್ನೇ ಕೂರಿಸಿ."

ಮುಖ್ಯಸ್ಥರಿಗೆ ಹೀಗೆ ಯಾರೂ ಹೇಳಿ ಗೊತ್ತಿರಲಿಲ್ಲ. ಸೋಮವಾರದಿಂದ ಅವಳನ್ನೇ ಕೂರಿಸಿದರು.

ಆದರೆ ಬಂದವಳು ಹಳೆಯ ಏಳುಗಂಟಮ್ಮ ಅಲ್ಲ. ಕಾಯುವ ಕಪಾಟಿಗೆ ಇನ್ನು ದನಿ ಕೊಡುವುದಿಲ್ಲ ಎಂದಳು. ನಾನು ಕಪಾಟಿನ ಎಲ್ಲ ಹಾಳೆಗಳಿಂದ 'ಇಂದು' ಎನ್ನುವುದನ್ನು ಒಂದೊಂದಾಗಿ ಹೊಡೆದುಹಾಕಿ ಜಾಗ ಖಾಲಿ ಬಿಟ್ಟೆ. ಯಾರ ಮರಣವಾರ್ತೆ ಬಂದರೂ ಆ ಮನೆಗೆ ತಾನೇ ಫೋನು ಮಾಡಿ ಕೇಳಿದ ಮೇಲೆಯೇ ಓದುವಳು. ವಾರ್ತೆಯ ಕೊನೆಯವರೆಗೂ ಮೇಜಿನ ಕೆಳಗೆ ಅವಳ ಎಡಗೈ ಸೀರೆಯ ನೆರಿಗೆಯನ್ನು ಮುಷ್ಟಿ ಹಿಡಿದಿರುತ್ತಿತ್ತು. ಭಯ ಹೋಗಲೇ ಇಲ್ಲ. ಎಂಜಿನಿಯರನ್ನೂ ಅವರ ಹೆಂಡತಿ ಆಮೇಲೆ ಒಬ್ಬರೇ ಹೊರಗೆ ಬಿಟ್ಟಿಲ್ಲ ಎಂದು ಕೇಳಿದೆ. ಸಂಜೆ ಸೇತುವೆಗೆ ಇಬ್ಬರೂ ಕೈ ಹಿಡಿದುಕೊಂಡೇ ಹೋಗುತ್ತಿದ್ದರಂತೆ.

ಒಂದು ವರ್ಷ ಎರಡು ತಿಂಗಳಾದ ಮೇಲೆ, ಒಂದು ಮಂಗಳವಾರ ಆರೂವರೆಗೆ ಎಂಜಿನಿಯರ ಕಿರಿಯ ಮಗಳು ಸುದ್ದಿಮನೆಗೆ ಫೋನು ಮಾಡಿದಳು. ನಾನು ಕಪಾಟಿನಿಂದ ಹಾಳೆ ತೆಗೆದು, ಖಾಲಿ ಬಿಟ್ಟ ಜಾಗದಲ್ಲಿ ಆ ಪದವನ್ನು ನನ್ನ ಕೈಯಾರೆ ಬರೆದೆ. ಏಳುಗಂಟಮ್ಮ ಹಾಳೆ ನೋಡಿದಳು, ಮುಟ್ಟಲಿಲ್ಲ. "ಮಗಳು ಹೇಳಿದ್ದು ಸಾಲದಾ?" ಎಂದೆ. ಸಾಲದು ಎಂದು ತಲೆಯಾಡಿಸಿ ಫೋನು ಎತ್ತಿದಳು. ಬೆರಳು ಎರಡು ಸಲ ತಪ್ಪು ಅಂಕಿ ಒತ್ತಿತು. ಮೂರನೆಯ ಸಲ ಆ ಕಡೆ ಎಂಜಿನಿಯರ ಹೆಂಡತಿಯೇ ಎತ್ತಿದರು. ಇವಳು ಏನು ಕೇಳಬೇಕೋ ತೋಚದೆ ಸುಮ್ಮನೆ ನಿಂತಳು. ಆಕೆಗೆ ಉಸಿರಿನಲ್ಲೇ ಗುರುತು ಸಿಕ್ಕಿರಬೇಕು. ಸುದ್ದಿಮನೆ ಅಷ್ಟು ನಿಶ್ಶಬ್ದವಾಗಿತ್ತು, ಆ ದನಿ ನನಗೂ ಕೇಳಿಸಿತು.

"ಈ ಸಲ ಎಲ್ಲೂ ಹೊರಗೆ ಹೋಗಿಲ್ಲಮ್ಮ. ಇಲ್ಲೇ ನನ್ನ ಪಕ್ಕದಲ್ಲೇ ಮಲಗಿದ್ದಾರೆ. ನಾನೂ ಮುಟ್ಟಿ ನೋಡಿದೀನಿ. ಟೀವಿ ಹಾಕ್ಕೊಂಡು ಕೂತಿದೀನಿ. ನೀನು ಹೇಳು, ಆಮೇಲೆ ಅಳ್ತೀನಿ."

ಗಡಿಯಾರದಲ್ಲಿ ಏಳಕ್ಕೆ ಇನ್ನೂ ಆರು ನಿಮಿಷವಿತ್ತು. ಅವಳು ಹಾಳೆಯನ್ನು ಕೈಗೆ ತೆಗೆದುಕೊಂಡು ಸ್ಟುಡಿಯೋ ಕಡೆ ನಡೆದಳು.